ಸುಟ್ಟ ಈರುಳ್ಳಿ

ಕೋಳಿಯ ಕಾಲುಗಳನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನುವುದಕ್ಕೇ ಸಿಟ್ಟು ಬಂತು. ಆರು ಕಾಲುಗಳು, ಹಳದಿಯಾಗಿ, ಉಗುರು ಕತ್ತರಿಸಿಕೊಂಡು, ಸಿಂಕಿನ ಪಕ್ಕದ ಕಲ್ಲಿನ ಮೇಲೆ ಬಿದ್ದಿದ್ದವು, ಮೂರು ಜನ ಮುದುಕರು ಕೈ ಚಾಚಿ ಏನನ್ನೋ ಕೇಳುತ್ತಿರುವ ಹಾಗೆ. ಬೆಳಿಗ್ಗೆ ಅಂಗಡಿಯವನು ಅವನ್ನು ಕೇಳದೆಯೇ ಚೀಲಕ್ಕೆ ಹಾಕಿದ್ದ. "ಅಮ್ಮಾವ್ರು ಯಾವಾಗ್ಲೂ ಜಾಸ್ತಿ ಕಾಲು ಕೇಳಿ ತಗೊಂಡು ಹೋಗ್ತಾರೆ ಸಾಹೇಬ್ರೇ, ಕಾಲಿಲ್ದೆ ಸೂಪಿಗೆ ಅಂಟು ಬರಲ್ಲ. ಕೋಳಿನೂ ಅಷ್ಟೆ, ಎಳೇದು ಬೇಡ ಅಂತಾರೆ. ಮೊಟ್ಟೆ ಇಟ್ಟು ಇಟ್ಟು ಸಾಕಾಗಿರೋದನ್ನ ಕೊಡಪ್ಪ ಅಂತಾರೆ." ಹಿಂದೆ ನಿಂತಿದ್ದ ಇಬ್ಬರು ನಕ್ಕರು. ನಗುವಂಥದ್ದೇನೂ ಅದರಲ್ಲಿ ಇರಲಿಲ್ಲ. ಪೇಟೆಯಲ್ಲಿ ಅವನಿಗೆ ತೂಕದ ಸಾಹೇಬ ಎಂದು ಹೆಸರು. ಇಪ್ಪತ್ತನಾಲ್ಕು ವರ್ಷದಿಂದ ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷೆ ಮಾಡುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಸವೆದ ತೂಕದ ಕಲ್ಲನ್ನು ಕಿತ್ತುಕೊಂಡು ಬರುವುದು ಅವನ ಕೆಲಸ. ಅವನು ಹೊಸ್ತಿಲು ದಾಟಿದರೆ ಈ ಅಂಗಡಿಯವನು ಕೈಯ ರಕ್ತ ಒರೆಸಿಕೊಂಡು ಎದ್ದು ನಿಲ್ಲುತ್ತಿದ್ದ. ಇವತ್ತು ತಕ್ಕಡಿಯ ಈಚೆ ಬದಿಗೆ ನಿಂತದ್ದೇ ತಡ, ಯಾವ ಕೋಳಿ ಕೇಳಬೇಕೆಂದು ಗೊತ್ತಿಲ್ಲದ ಒಬ್ಬ ಗಂಡಸಾಗಿಬಿಟ್ಟಿದ್ದ. "ಹುಷಾರಿಲ್ವಾ ಅಮ್ಮಾವ್ರಿಗೆ?" ಎಂದು ಅಂಗಡಿಯವನು ಅವನ ಹೆಂಡತಿಯ ಬಗ್ಗೆ ನಿಜವಾದ ಕಾಳಜಿಯಿಂದಲೇ ಕೇಳಿದ. ಆ ಕಾಳಜಿಗೂ ಅವನಿಗೆ ಸಿಟ್ಟು ಬಂದಿತ್ತು.

"ತೊಳೆದು ಪಾತ್ರೆಗೆ ಹಾಕು. ಅವೇನು ನಡ್ಕೊಂಡು ಹೋಗಲ್ಲ," ಎಂದಳು ಅಮ್ಮ.

ಎಂಬತ್ತೆರಡರ ಅಮ್ಮ ಕಿಟಕಿಯ ಪಕ್ಕಕ್ಕೇ ಸ್ಟೂಲು ಹಾಕಿಸಿಕೊಂಡು, ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು. ಮುಖವೆಲ್ಲ ಹೊರಗಿನ ಗಲ್ಲಿಗೆ, ಕಿವಿ ಮಾತ್ರ ಒಳಗೆ.

"ಗೊತ್ತು ನನಗೆ."

"ಗೊತ್ತಿದ್ರೆ ಆಗ್ಲಿಂದ ಯಾಕೆ ಅವುಗಳ ಮುಖ ನೋಡ್ತಾ ನಿಂತಿದ್ದೀಯಾ? ತಣ್ಣೀರಲ್ಲೇ ಹಾಕ್ಬೇಕು. ಬಿಸಿ ನೀರಿಗೆ ಹಾಕಿದ್ರೆ ಮಾಂಸ ಬಿಗ್ಕೊಳ್ಳತ್ತೆ. ಬಿಗ್ಕೊಂಡ್ಮೇಲೆ ಒಳಗಿಂದು ಹೊರಗೆ ಬರಲ್ಲ. ನಿನ್ನ ಥರ."

ಅವನು ತೊಳೆದು ತಣ್ಣೀರಿಗೆ ಹಾಕಿದ. ಬೆನ್ನಿನ ಮೂಳೆ, ರೆಕ್ಕೆ, ಕತ್ತು, ತೊಡೆ, ಕೊನೆಗೆ ಆ ಆರು ಕಾಲು. ಉರಿ ಸಣ್ಣಗೆ ಮಾಡಿದ. ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿಂದ ಮಂಚದ ಒಂದು ತುದಿ ಕಾಣುತ್ತಿತ್ತು, ಹೊದಿಕೆಯಡಿ ಹೆಂಡತಿಯ ಪಾದಗಳ ಉಬ್ಬು, ಮಂಚದ ಕೆಳಗೆ ಅವಳ ಕಂದು ಬಣ್ಣದ ಚೀಲ. ಚೀಲದ ಬಾಯಿ ಕಟ್ಟಿತ್ತು. ನಿನ್ನೆ ಸಂಜೆ ಅಮ್ಮನೇ ಹೇಳಿದ್ದಳು: "ಸೋಮವಾರ ಅವಳ ತಮ್ಮ ಬರ್ತಾನಂತೆ. ಕರ್ಕೊಂಡು ಹೋಗೋಕೆ." ಎಷ್ಟು ದಿನಕ್ಕೆ ಎಂದು ಅವನು ಕೇಳಿದ. "ಅದನ್ನ ನೀನು ಅವಳನ್ನೇ ಕೇಳು. ನನ್ನ ಹತ್ರ ಚೀಲ ಎಷ್ಟು ದೊಡ್ಡದು ಅಂತ ಮಾತ್ರ ಕೇಳು, ಹೇಳ್ತೀನಿ," ಎಂದು ಅಮ್ಮ ಎದ್ದು ಹೋಗಿದ್ದಳು. ಕೇಳುವುದು ಹೇಗೆ? ಎಂಟು ದಿನದಿಂದ ಅವಳು ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ. ನಡುವೆ ಬಂದಿದ್ದ ಜ್ವರ ಬುಧವಾರವೇ ಇಳಿದಿತ್ತು. ಶುಕ್ರವಾರ ಡಾಕ್ಟರು ಮನೆಗೇ ಬಂದು ನಾಡಿ ಹಿಡಿದು, "ಇನ್ನು ಕಾಯಿಲೆ ಏನೂ ಇಲ್ಲ, ಹೊಟ್ಟೆಗೆ ತಗೋಬೇಕು ಅಷ್ಟೆ. ಕೋಳಿ ಸೂಪು ಮಾಡಿ ಕೊಡಿ, ತರಕಾರಿ ಚೆನ್ನಾಗಿ ಹಾಕಿ," ಎಂದಾಗ ಗೋಡೆಯ ಕಡೆ ತಿರುಗಿ ಮಲಗಿದ್ದ ಅವಳು ನಕ್ಕಳು. ಅದು ನಗುವೇ. ಎಂಟು ದಿನದಲ್ಲಿ ಅವಳ ಬಾಯಿಂದ ಅವನು ಕೇಳಿದ್ದು ಅದೊಂದೇ, ಮತ್ತು ಅದರ ಅರ್ಥ ಆ ಮನೆಯಲ್ಲಿ ಡಾಕ್ಟರೊಬ್ಬರನ್ನು ಬಿಟ್ಟು ಉಳಿದ ಇಬ್ಬರಿಗೂ ಆಗಿತ್ತು.

ನೊರೆ ಏಳತೊಡಗಿತು, ಮೊದಲು ಅಂಚಿನಲ್ಲಿ, ಆಮೇಲೆ ನಡುವೆ, ಬೂದು ಬಣ್ಣದ್ದು, ಕೊಳಕು. ಅವನು ತೂತಿನ ಸೌಟಿನಿಂದ ತೆಗೆತೆಗೆದು ಸಿಂಕಿಗೆ ಹಾಕಿದ. ತೆಗೆದಷ್ಟೂ ಬಂತು. ಇದಿಷ್ಟೂ ಎಲ್ಲಿ ಅಡಗಿತ್ತು ಆ ಬೆಳ್ಳಗಿನ ಮೈಯಲ್ಲಿ? ದೇವರು ಮನುಷ್ಯನಿಗೆ ಸಿಟ್ಟು ಕೊಟ್ಟವನು ಅದನ್ನು ತೆಗೆದು ಹಾಕಲು ಇಂಥದೊಂದು ಸೌಟನ್ನೂ ಕೊಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅವನಿಗೆ ಹಾಗೆಲ್ಲ ಹೊಳೆಯಲಿಲ್ಲ. ಅವನಿಗೆ ಕಂಡದ್ದು ಸಿಂಕು, ಅದರ ಬಾಯಿಗೆ ಕೂತಿದ್ದ ದುಂಡನೆಯ ಸ್ಟೀಲಿನ ಜಾಲರಿ. ಹೋದ ಭಾನುವಾರ ಕಚೇರಿಗೆ ಹೊಸದಾಗಿ ಬಂದ ಮೇಲಧಿಕಾರಿಯನ್ನು ಊಟಕ್ಕೆ ಕರೆದಿದ್ದ. ಅವನಿಗಿಂತ ಹದಿನೈದು ವರ್ಷ ಚಿಕ್ಕವನು. ಅದೇ ವಾರ ಅವನ ವರದಿಯನ್ನು ಗುಮಾಸ್ತರ ಮುಂದೆ ಕೆಂಪು ಶಾಯಿಯಲ್ಲಿ ತಿದ್ದಿ, "ಹಳೇ ಪದ್ಧತಿ ಬಿಡಿ ಸಾರ್," ಎಂದು ನಗುತ್ತಲೇ ವಾಪಸು ಕೊಟ್ಟಿದ್ದವನು. ಅಂಥವನು ಇಲ್ಲಿ, ಈ ಮೇಜಿನಲ್ಲಿ ಕೂತು, ಎರಡನೇ ಬಟ್ಟಲು ಹಾಕಿಸಿಕೊಂಡು, "ಅಕ್ಕಾ, ಇಂಥ ಸೂಪು ನಾನು ಎಲ್ಲೂ ಕುಡಿದಿಲ್ಲ," ಎಂದ. ಅಕ್ಕಾ. ಅವಳ ಮುಖದಲ್ಲಿ ಒಂದು ಬೆಳಕು ಬಂತು, ಸಣ್ಣದು, ಬೇರೆಯವರ ಮನೆಯ ದೀಪದ ಹಾಗೆ. ಅದನ್ನು ತಾನು ಹಚ್ಚಿರಲಿಲ್ಲ ಎನ್ನುವುದು ಅವನ ಎದೆಗೆ ಚುಚ್ಚಿತೋ, ಕೆಂಪು ಶಾಯಿ ನೆನಪಾಯಿತೋ, ಎದ್ದು ನಿಂತಿದ್ದ. "ಇದೂ ಒಂದು ಸೂಪಾ ಸಾರ್? ನಮ್ಮಮ್ಮನ ಕೈ ಸೂಪು ನೀವು ಕುಡಿದಿದ್ರೆ ಇದರಲ್ಲಿ ಕೈ ಕೂಡ ತೊಳೀತಿರಲಿಲ್ಲ." ಇಪ್ಪತ್ತಾರು ವರ್ಷದಿಂದ ಪ್ರತಿ ಭಾನುವಾರ ಮೊದಲ ಚಮಚೆ ಬಾಯಿಗಿಟ್ಟು, ಕಣ್ಣು ಮುಚ್ಚಿ, ತೂಕ ನೋಡುವವನ ಹಾಗೆ ತಡೆದು, "ಪರವಾಗಿಲ್ಲ. ಅಮ್ಮನ ಕೈ ರುಚಿ ಬರಲಿಲ್ಲ," ಎಂದು ಹೇಳುತ್ತಿದ್ದದ್ದೇ, ಆದರೆ ಅವತ್ತು ಮಾತಿಗೆ ನಿಲ್ಲದೆ ತನ್ನ ಬಟ್ಟಲು ಎತ್ತಿಕೊಂಡು ಹೋಗಿ ಸಿಂಕಿನಲ್ಲಿ ಸುರಿದ. ಸುರಿದು ನಕ್ಕ. ಅದು ಹಾಸ್ಯ ಎಂದುಕೊಂಡಿದ್ದ. ಮೇಲಧಿಕಾರಿಯ ಚಮಚೆ ಅರ್ಧದಲ್ಲೇ ನಿಂತುಹೋಯಿತು, ಕುಡಿಯಬೇಕೋ ಇಳಿಸಬೇಕೋ ಗೊತ್ತಾಗದೆ. ಅಮ್ಮ ತನ್ನ ಬಟ್ಟಲನ್ನು ನೋಡುತ್ತ ಕೂತಿದ್ದಳು. ಅತಿಥಿ ಹೋದ ಮೇಲೆ ಹೆಂಡತಿ ಜಾಲರಿಯಲ್ಲಿ ಸಿಕ್ಕಿಕೊಂಡ ಕ್ಯಾರೆಟ್ಟಿನ ಹೋಳುಗಳನ್ನು, ಬಾರ್ಲಿ ಕಾಳುಗಳನ್ನು ಬೆರಳಿನಿಂದ ಒಂದೊಂದಾಗಿ ಆರಿಸಿ ತೆಗೆದಳು. ಅವನು ಹಾಸಿಗೆಗೆ ಹೋಗಿ ನಿದ್ದೆ ಮಾಡಿದ. ಚೆನ್ನಾಗಿಯೇ ನಿದ್ದೆ ಬಂದಿತ್ತು.

"ಇದೇನೋ ಇದು," ಎಂದಳು ಅಮ್ಮ, ಅವನು ಹೆಚ್ಚಿಟ್ಟ ತರಕಾರಿಯ ತಟ್ಟೆಯ ಕಡೆ ಕತ್ತು ಚಾಚಿ. ಕ್ಯಾರೆಟ್ಟು, ಆಲೂಗಡ್ಡೆ, ನೂಕೋಲು ಎಲ್ಲವೂ ಒಂದೇ ಅಳತೆಯ ಚೌಕಗಳಾಗಿದ್ದವು. "ಎಲ್ಲಾದಕ್ಕೂ ಮುದ್ರೆ ಒತ್ತುತ್ತೀಯೇನು?"

"ಸಮ ಇದ್ರೆ ಸಮ ಬೇಯತ್ತೆ."

"ಕ್ಯಾರೆಟ್ಟು ಬೇಯೋದೇ ಬೇರೆ ಹೊತ್ತಿಗೆ, ಆಲೂಗಡ್ಡೆ ಬೇಯೋದೇ ಬೇರೆ ಹೊತ್ತಿಗೆ. ಐವತ್ತೆರಡು ವರ್ಷ ಆಯ್ತು ನಿನಗೆ. ಇಷ್ಟು ವರ್ಷ ತಿಂದಿದ್ದು ಎಲ್ಲಿಗೆ ಹೋಯ್ತೋ."

"ಅಮ್ಮ, ಮಾಡ್ತಿದ್ದೀನಲ್ಲ. ಸುಮ್ನೆ ಕೂತ್ಕೊ."

"ಸುಮ್ನೆ ಕೂತಿದ್ದಕ್ಕೇ ಹೀಗಾಗಿದ್ದು," ಎಂದು ಅಮ್ಮ ಗಲ್ಲಿಯ ಕಡೆ ನೋಡುತ್ತ ಹೇಳಿದಳು. ನಾಲ್ಕಾರು ಬಟಾಣಿ ಕಾಯಿ ಸುಲಿದಳು. ಆಮೇಲೆ, ಯಾರಿಗೋ ಹೇಳುವ ಹಾಗೆ, "ಒಂದು ದಪ್ಪ ಈರುಳ್ಳಿ ತಗೋ. ಸಿಪ್ಪೆ ಸುಲೀಬೇಡ. ಎರಡು ಹೋಳು ಮಾಡಿ ಉರಿ ಮೇಲೆ ಇಡು. ಮುಖ ಪೂರ್ತಿ ಕಪ್ಪಾಗೋ ತನಕ ಸುಡು," ಎಂದಳು.

"ಸುಟ್ಟಿದ್ದನ್ನ ಸೂಪಿಗೆ ಹಾಕ್ತಾರಾ? ಅವಳು ಹಾಕಿದ್ದು ನಾನು ನೋಡೇ ಇಲ್ಲ."

"ಅವಳಿಗೆ ಗೊತ್ತಿಲ್ಲ."

"ನೀನು ಹೇಳಿಕೊಟ್ಟಿಲ್ವಾ?"

ಅಮ್ಮ ಒಂದು ಕಾಯಿಯೊಳಗೆ ಹುಳ ಇದೆಯೋ ಎಂದು ಬೆಳಕಿಗೆ ಹಿಡಿದು ನೋಡತೊಡಗಿದಳು.

ಅವನು ಪಕ್ಕದ ಒಲೆ ಹಚ್ಚಿ, ಈರುಳ್ಳಿಯ ಹೋಳನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ಮುಖ ಮಾಡಿ ಇಟ್ಟ. ಮೊದಲು ಚಟಪಟ ಸದ್ದು, ನೀರು ಒಸರಿತು, ಪದರ ಪದರದ ಅಂಚು ಕಂದಾಗಿ ಆಮೇಲೆ ಕಪ್ಪಾಯಿತು. ಹೊಗೆ ಎದ್ದಿತು. ಸಿಹಿಯೂ ಕಹಿಯೂ ಆದ, ಮೂಗಿನ ಹಿಂದೆ ಎಲ್ಲೋ ಹೋಗಿ ಕೂರುವ ಹೊಗೆ. ಅಮ್ಮ ನೆನಪಾಗಬೇಕಿತ್ತು. ಭಾನುವಾರ ಮಧ್ಯಾಹ್ನ, ಹಬೆಯಾಡುವ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಹೊರಬರುವ ಅಮ್ಮ, ಕೆಂಪು ಕಣ್ಣು, ಕೆದರಿದ ಕೂದಲು. ಆದರೆ ಅವನ ಎಡ ಕೆನ್ನೆ ಇದ್ದಕ್ಕಿದ್ದಂತೆ ಬಿಸಿಯಾಯಿತು. ಕೈ ತಾನಾಗಿ ಕೆನ್ನೆಗೆ ಹೋಯಿತು. ಅಪ್ಪನ ಅಂಗೈ. ಒಂಬತ್ತೋ ಹತ್ತೋ ವರ್ಷ ಆಗಿದ್ದಾಗ ಅಡುಗೆಮನೆಯ ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತಿದ್ದವನನ್ನು ಅಪ್ಪ ಚಿಲಕ ತೆಗೆದು ಹೊರಗೆ ಬಂದು ಹೊಡೆದಿದ್ದ, ಬಿಚ್ಚು ಕೈಯಿಂದ, ಒಂದೇ ಏಟು, ಮತ್ತು ಆ ಕೈಯಿಂದ ಈ ವಾಸನೆ ಬರುತ್ತಿತ್ತು. ಅಪ್ಪ ಮಿಲ್ಲಿನ ಗೇಟಿನ ಕಾವಲುಗಾರ. ಕೆಲಸ ಮುಗಿಸಿ ಹೊರಗೆ ಹೋಗುವ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಜೇಬು, ಸೊಂಟ, ಊಟದ ಡಬ್ಬಿ ತಡವಿ ನೋಡುವವನು. ದಪ್ಪ ಮೀಸೆ. ಮಾತು ಕಡಿಮೆ, ಕೈ ಮುಂದೆ. ಭಾನುವಾರ ಬೆಳಿಗ್ಗೆ ಅಮ್ಮನನ್ನು ಒಳಗೆ ಕರೆದು ಚಿಲಕ ಹಾಕಿಕೊಳ್ಳುತ್ತಿದ್ದ. ಹೊರಗೆ ನಿಂತ ಅವನಿಗೆ ಸದ್ದು ಕೇಳುತ್ತಿತ್ತು: ದಬ್, ದಬ್, ದಬ್. ಹೊಡೆಯುವ ಸದ್ದು. ಅವನು ಕಿವಿ ಮುಚ್ಚಿಕೊಂಡು ದೇವರನ್ನು ಬೇಡಿಕೊಳ್ಳುತ್ತಿದ್ದ, ಅಪ್ಪ ಸಾಯಲಿ ಎಂದು. ಮಧ್ಯಾಹ್ನ ಅಮ್ಮ ಕೆಂಪು ಕಣ್ಣು ಮಾಡಿಕೊಂಡು ಸೂಪು ತಂದು ಕೊಡುತ್ತಿದ್ದಳು. ಏಟು ತಿಂದೂ ಇಷ್ಟು ರುಚಿಯಾಗಿ ಮಾಡುತ್ತಾಳಲ್ಲ ಎಂದು ಅವನು ಅಳು ನುಂಗಿಕೊಂಡು ಕುಡಿಯುತ್ತಿದ್ದ. ಹಾಗೆ ಇಳಿದ ಸೂಪಿನ ರುಚಿಗೆ ಸಮನಾದದ್ದು ಆಮೇಲೆ ಯಾವ ಹೆಂಗಸಿನ ಕೈಯಲ್ಲೂ ಸಿಗಲಿಲ್ಲ.

ಇಕ್ಕಳ ಬಿಸಿಯಾಗಿ ಬೆರಳು ಸುಟ್ಟಿತು. ಅವನು ಒಲೆ ಆರಿಸಿದ.

"ಅಮ್ಮ."

"ಹೂಂ."

"ಆಗ ಸೂಪು ಯಾರು ಮಾಡ್ತಿದ್ದಿದ್ದು?"

ಅಮ್ಮನ ಕೈಯಿಂದ ಒಂದು ಬಟಾಣಿ ಜಾರಿ ನೆಲದ ಮೇಲೆ ಉರುಳಿತು. ಅದು ಎಲ್ಲಿಗೆ ಹೋಗುತ್ತದೆಂದು ಇಬ್ಬರೂ ನೋಡಿದರು. ಫ್ರಿಜ್ಜಿನ ಕೆಳಗೆ ಹೋಯಿತು.

"ನಿಮ್ಮಪ್ಪ," ಎಂದಳು ಅಮ್ಮ.

ಪಾತ್ರೆ ಸಣ್ಣಗೆ ಗೊರಗೊರ ಎನ್ನುತ್ತಿತ್ತು.

"ಹಸಿ ಕೋಳಿ ವಾಸನೆ ನನಗೆ ಯಾವತ್ತೂ ಆಗಿಲ್ಲ ಕಣೋ. ಇವತ್ತೂ ಆಗಲ್ಲ. ಯಾಕೆ ಕಿಟಕಿ ಪಕ್ಕ ಕೂತಿದ್ದೀನಿ ಅಂದ್ಕೊಂಡೆ? ಗಾಳಿಗಾ? ಮೂಳೆ ಕುಟ್ಟಿ ಹಾಕ್ತಿದ್ದ, ಕಲ್ಲಿನ ಮೇಲಿಟ್ಟು. ನಾನು ಆ ಕಡೆ ತಿರುಗಿ ಕೂತ್ಕೊಂಡು ಈರುಳ್ಳಿ ಹೆಚ್ಚಿ ಕೊಡ್ತಿದ್ದೆ."

"ಕಣ್ಣು ಕೆಂಪಗೆ ಮಾಡ್ಕೊಂಡು ಹೊರಗೆ ಬರ್ತಿದ್ದೆ ನೀನು."

"ನಾಲ್ಕು ಈರುಳ್ಳಿ ಹೆಚ್ಚಿದ್ರೆ ನಿನ್ನ ಕಣ್ಣೂ ಕೆಂಪಾಗತ್ತೆ."

"ನಾನು… ಅಪ್ಪ ನಿನ್ನನ್ನ ಒಳಗೆ ಹಾಕ್ಕೊಂಡು ಹೊಡೀತಾನೆ ಅಂತ…"

"ಹೊಡೀತಿದ್ದ. ಇಲ್ಲ ಅಂತ ಯಾರಂದ್ರು?" ಅಮ್ಮ ಮೊದಲ ಸಲ ನೇರವಾಗಿ ಅವನ ಮುಖ ನೋಡಿದಳು. "ಆದ್ರೆ ಭಾನುವಾರ ಹೊಡೀತಿರ್ಲಿಲ್ಲ."

ಅವನು ಸೌಟನ್ನು ಕಲ್ಲಿನ ಮೇಲೆ ಕುಕ್ಕಿದ. ತಟ್ಟೆ ಹಾರಿ ಒಂದೆರಡು ಕ್ಯಾರೆಟ್ಟಿನ ಚೌಕಗಳು ನೆಲಕ್ಕೆ ಬಿದ್ದವು. "ಯಾಕೆ ಹೇಳಲಿಲ್ಲ?"

"ಆಣೆ ಇಡಿಸ್ಕೊಂಡಿದ್ದ. ಗೇಟಲ್ಲಿ ನಿಂತು ಗಂಡಸರ ಜೇಬು ತಡವೋನು ಮನೇಲಿ ಸೌಟು ಹಿಡೀತಾನೆ ಅಂತ ಗೊತ್ತಾದ್ರೆ ಮಿಲ್ಲಿನವರು ಬಾಳೋಕೆ ಬಿಡ್ತಿರ್ಲಿಲ್ಲ. ಮಕ್ಕಳ ಬಾಯಿ ನಿಲ್ಲಲ್ಲ ಅಂತ ನಿನಗೂ ಹೇಳ್ಬೇಡ ಅಂದಿದ್ದ."

"ಅಪ್ಪ ಸತ್ತು ಮೂವತ್ತು ವರ್ಷ ಆಯ್ತು. ಇವಳು ಈ ಮನೆಗೆ ಬಂದು ಇಪ್ಪತ್ತಾರು. ಪ್ರತಿ ವಾರ ನಾನು ಇವಳಿಗೆ ಹೇಳೋದನ್ನ ನೀನು ಪಕ್ಕದಲ್ಲೇ ಕೂತು ಕೇಳಿಸ್ಕೊಂಡೆ. ಆಣೆ ಅಂತೆ."

ಅಮ್ಮ ಬುಟ್ಟಿಯೊಳಗೆ ಕೈಯಾಡಿಸಿದಳು, ಕಾಳುಗಳು ಬೆರಳ ಸಂದಿಯಿಂದ ಜಾರಿದವು. ಹೇಳುವಾಗ ಅವಳ ದನಿ ತಗ್ಗಿರಲಿಲ್ಲ, ಅದೇ ಅವನನ್ನು ಹೆಚ್ಚು ಕೆರಳಿಸಿತು. "ನಿಮ್ಮಪ್ಪನ ಮನೇಲಿ ನನ್ನ ಹೆಸರು ಹಿಡಿದು ಯಾರೂ ಒಂದು ಒಳ್ಳೆ ಮಾತು ಆಡಿದವರಲ್ಲ. ನಿನ್ನ ಬಾಯಲ್ಲಿ ಅದೊಂದು ಬರ್ತಿತ್ತು, ವಾರಕ್ಕೊಂದು ಸಲ. ಅಮ್ಮನ ಕೈ ರುಚಿ ಅಂತ. ಸುಳ್ಳು ಅಂತ ಗೊತ್ತಿತ್ತು. ಬಿಡೋಕೆ ಮನಸ್ಸಾಗಲಿಲ್ಲ. ಅವಳ ಮುಖ ಬಾಡೋದು ಕಾಣ್ತಿತ್ತು, ಅದೂ ಕಾಣ್ತಿತ್ತು. ದೇವರಿಗೆ ದಿನಾ ಹೇಳ್ತಿದ್ದೆ, ಅವಳಿಗೆ ಹೇಳಲಿಲ್ಲ. ಹೋದ ವಾರ ನೀನು ನನ್ನ ಹೆಸರು ಹೇಳಿ ಸುರಿದ್ಯಲ್ಲ, ಆವಾಗ ನನ್ನ ಹೊಟ್ಟೇಲಿದ್ದಿದ್ದೂ ಹೊರಗೆ ಬಂದ ಹಾಗಾಯ್ತು."

ಪಾತ್ರೆಯನ್ನೆತ್ತಿ ಗೋಡೆಗೆ ಅಪ್ಪಳಿಸಬೇಕೆನಿಸಿತು. ಅದರ ಎರಡೂ ಹಿಡಿಕೆಗಳನ್ನು ಹಿಡಿದೂ ಬಿಟ್ಟ. ಬಿಸಿ ತಾಗಿ ಕೈ ಹಿಂದಕ್ಕೆ ಬಂತು. ಯಾರ ಮೇಲೆ ಕೂಗುವುದು? ಸತ್ತವನಿಗೆ ಕೇಳಿಸುವುದಿಲ್ಲ, ಸತ್ತವನ ಮೇಲೆ ನಲವತ್ತು ವರ್ಷದಿಂದ ಸಾಕಿಕೊಂಡು ಬಂದ ಸಿಟ್ಟಿಗೆ ಈಗ ಕಾಲಿಡಲು ಜಾಗವಿಲ್ಲದೆ ಅದು ಅಡುಗೆಮನೆಯ ತುಂಬ ಅಲೆಯುತ್ತಿತ್ತು. ಪೂರ್ತಿ ಕ್ಷಮಿಸೋಣವೆಂದರೆ ಸೋಮವಾರದಿಂದ ಶನಿವಾರದವರೆಗೆ ಆರು ದಿನ ಉಳಿದೇ ಇದ್ದವು. ಅಮ್ಮನ ಮೇಲೆ? ಅವಳ ಕತ್ತು ಸೆರಗಿನೊಳಗೆ ಒಂದು ಹಿಡಿಯಷ್ಟೂ ಇರಲಿಲ್ಲ. ಒಂದೇ ಒಂದು ಸವೆದ ಕಲ್ಲು ಇಟ್ಟುಕೊಂಡು ಊರಿಗೆಲ್ಲ ತೂಗಿ ಕೊಟ್ಟ ಅಂಗಡಿಯವರನ್ನು ಅವನು ಎಷ್ಟೋ ಸಲ ಹಿಡಿದಿದ್ದ. ಗೊತ್ತಿರಲಿಲ್ಲ ಸಾಹೇಬ್ರೇ, ಅಪ್ಪನ ಕಾಲದಿಂದ ಇದೇ ಇತ್ತು, ಎನ್ನುತ್ತಿದ್ದರು. ಗೊತ್ತಿರಲಿಲ್ಲ ಅಂದರೆ ತೂಗಿಸಿಕೊಂಡು ಹೋದವರಿಗೆ ಸರಿಹೋಯಿತೇನಯ್ಯಾ, ಎಂದು ಅವನು ಎಲ್ಲರೆದುರು ಕೇಳುತ್ತಿದ್ದ. ಆ ಪ್ರಶ್ನೆ ಅವನಿಗೆ ಬಹಳ ಇಷ್ಟವಾದದ್ದಾಗಿತ್ತು.

ಆಗ ಪಕ್ಕದ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಬಾಗಿಲು ಅರ್ಧ ತೆರೆದೇ ಇತ್ತಲ್ಲ. ಹೊದಿಕೆಯಡಿಯ ಪಾದಗಳು ಈಗ ಕಾಣುತ್ತಿರಲಿಲ್ಲ. ಅವಳು ಎದ್ದು ಕೂತಿದ್ದಳು.

ಅವನು ಮಾಡುತ್ತಿದ್ದ ಕೆಲಸವನ್ನೇ ಮುಂದುವರಿಸಿದ, ಬೇರೇನು ಮಾಡಬೇಕೆಂದು ತಿಳಿಯದೆ. ಸುಟ್ಟ ಈರುಳ್ಳಿಯ ಎರಡೂ ಹೋಳುಗಳನ್ನು ಪಾತ್ರೆಗೆ ಬಿಟ್ಟ, ತಿಳಿನೀರು ನಿಧಾನವಾಗಿ ಬಂಗಾರದ ಬಣ್ಣಕ್ಕೆ ತಿರುಗಿತು. ಒಂದು ಹಿಡಿ ಬಾರ್ಲಿ ಹಾಕಿದ. ಕ್ಯಾರೆಟ್ಟು, ನೂಕೋಲು. ಕಾದ. ಆಲೂಗಡ್ಡೆ. ಕಾದ. ಅಮ್ಮ ಎದ್ದು ಬಂದು ಬಟಾಣಿಯ ಬುಟ್ಟಿಯನ್ನು ಕಲ್ಲಿನ ಮೇಲಿಟ್ಟು ಹೋಗಿ ಮೇಜಿನ ಹತ್ತಿರ ಕುರ್ಚಿಯಲ್ಲಿ ಕೂತಳು. ಬಟಾಣಿ ಹಾಕಿದ. ಕಾಳುಮೆಣಸು ಕುಟ್ಟಿ ಹಾಕಿದ, ಕೊನೆಗೆ ಉಪ್ಪು. ಇಷ್ಟರಲ್ಲಿ ಎರಡು ಗಂಟೆ ಕಳೆದಿತ್ತು, ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತಿತ್ತು. ಚಮಚೆಯಲ್ಲಿ ಸ್ವಲ್ಪ ತೆಗೆದು, ಊದಿ, ಬಾಯಿಗಿಟ್ಟ. ಕಣ್ಣು ಮುಚ್ಚಿಕೊಳ್ಳಲಿಲ್ಲ. ಅದೇ ರುಚಿ. ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದು ಬಂದುಬಿಟ್ಟಿತಲ್ಲ ಎಂದು ಅವನಿಗೆ ಅಳುವಷ್ಟು ಸಿಟ್ಟು ಬಂತು. ಒಂದು ಈರುಳ್ಳಿ. ಬರೀ ಒಂದು ಈರುಳ್ಳಿ.

ಬಟ್ಟಲಿಗೆ ಹಾಕಿಕೊಂಡು ಕೋಣೆಗೆ ಒಯ್ಯಬೇಕೆಂದು ತಿರುಗಿದರೆ ಅವಳು ಅಡುಗೆಮನೆಯ ಬಾಗಿಲಿಗೇ ಬಂದು ನಿಂತಿದ್ದಳು. ಬಾಚದ ಕೂದಲು, ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ಎಂಟು ದಿನದಲ್ಲಿ ಕೆನ್ನೆ ಒಳಗೆ ಹೋಗಿತ್ತು. ಅವನು ಬಟ್ಟಲು ಮುಂದೆ ಚಾಚಿದ. ಅವಳು ಎರಡು ಕೈಯಲ್ಲಿ ತೆಗೆದುಕೊಂಡು, ಮುಖದ ಹತ್ತಿರ ಹಿಡಿದು ಹಬೆಯನ್ನು ಒಳಗೆಳೆದುಕೊಂಡಳು. ಅಮ್ಮನ ಕಡೆ ನೋಡಿದಳು. ಅಮ್ಮ ಮೇಜಿನ ಮೇಲಿನ ಒಂದು ಗೀರನ್ನು ಉಗುರಿನಿಂದ ಕೆರೆಯುತ್ತಿದ್ದಳು. ಆಮೇಲೆ ಅವಳು ನಾಲ್ಕು ಹೆಜ್ಜೆ ನಡೆದು, ಅವನನ್ನು ದಾಟಿ, ಸಿಂಕಿನ ಮುಂದೆ ನಿಂತು ಬಟ್ಟಲನ್ನು ಬಗ್ಗಿಸಿದಳು. ಆತುರವಿರಲಿಲ್ಲ. ಸೂಪು ದಾರವಾಗಿ ಇಳಿಯಿತು, ಆಮೇಲೆ ತರಕಾರಿ ಒಟ್ಟಿಗೆ ಥಪಥಪನೆ ಬಿತ್ತು, ಕೊನೆಗೆ ಒಂದು ಹಳದಿ ಕಾಲು.

"ಏಯ್," ಎಂಬುದು ಅವನ ಗಂಟಲವರೆಗೆ ಬಂತು. ಕೈಯೂ ಎದ್ದಿತು, ಸೊಂಟದವರೆಗೆ. ಎರಡು ಗಂಟೆ ನಿಂತು ಮಾಡಿದ್ದು, ಸುಟ್ಟ ಬೆರಳು, ಅಂಗಡಿಯವನ ನಗು, ಎಲ್ಲ ಆ ಕೈಯೊಳಗಿತ್ತು. ಆ ಕೈಯಿಂದ ಈರುಳ್ಳಿಯ ವಾಸನೆ ಬರುತ್ತಿತ್ತು. ಅವನು ಅದನ್ನು ಇಳಿಸಿದ.

ಅವಳು ತಿರುಗಿ ಅವನ ಮುಖವನ್ನೇ ನೋಡಿದಳು, ತಕ್ಕಡಿಯ ಮುಳ್ಳು ನಿಲ್ಲುವವರೆಗೂ ಅವನು ನೋಡುತ್ತಿದ್ದನಲ್ಲ, ಹಾಗೆ. ಆಮೇಲೆ ಖಾಲಿ ಬಟ್ಟಲನ್ನು ಅವನ ಕೈಗೆ ಕೊಟ್ಟು ಮೇಜಿಗೆ ಹೋಗಿ ಕೂತಳು.

"ಇನ್ನೊಂದು ಸಲ ಹಾಕಿ," ಎಂದಳು. ಎಂಟು ದಿನ ಬಳಸದ ಗಂಟಲು, ದನಿ ಒಡೆದಿತ್ತು. "ಕಾಲು, ಕತ್ತು ಹಾಕಬೇಡಿ. ಇಪ್ಪತ್ತಾರು ವರ್ಷ ಅದನ್ನೇ ತಿಂದಿದ್ದೀನಿ. ತೊಡೆ ಹಾಕಿ."

ಅವನು ಹಾಕಿದ, ತಂದಿಟ್ಟ. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಅವಳು ಚಮಚೆ ಎತ್ತಿ ತಡೆದಳು.

"ನಾಳೆ ತಮ್ಮನಿಗೆ ಬರಬೇಡ ಅಂತ ಹೇಳಲ್ಲ ನಾನು. ಬರಲಿ. ಅವನಿಗೂ ನೀವೇ ಮಾಡಿ ಹಾಕಿ. ಬಾಗಿಲು ತೆಗೆದಿಟ್ಟುಕೊಂಡು ಮಾಡಿ." ಆಮೇಲೆ ಪಕ್ಕಕ್ಕೆ ತಿರುಗಿ, "ಅತ್ತೆ, ನೀವು ಕುಡೀತೀರಾ? ಇಲ್ಲ, ನಿಮ್ಮ ಕೈ ರುಚಿ ಬಂದಿಲ್ವಾ?"

"ಕುಡೀತೀನಿ ಕಣೇ," ಎಂದಳು ಅಮ್ಮ, ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಅಮ್ಮನಿಗೂ ಬಟ್ಟಲು ಇಟ್ಟ. ತನಗೆ ಹಾಕಿಕೊಳ್ಳಲಿಲ್ಲ. ಸಿಂಕಿನ ಜಾಲರಿ ಕಟ್ಟಿಕೊಂಡು ನೀರು ನಿಂತಿತ್ತು; ಅದನ್ನು ಹಾಗೇ ಬಿಡುವಂತಿರಲಿಲ್ಲ. ಅವನು ಬಗ್ಗಿ ಬೆರಳು ಹಾಕಿದ. ಸೂಪು ಇನ್ನೂ ಸುಡುತ್ತಿತ್ತು. ಒಂದು ಕ್ಯಾರೆಟ್ಟು, ಒಂದು ಆಲೂಗಡ್ಡೆ, ಮತ್ತೊಂದು ಕ್ಯಾರೆಟ್ಟು, ಎಲ್ಲವೂ ಒಂದೇ ಅಳತೆಯವು. ಬಾರ್ಲಿ ಕಾಳುಗಳು ಜಾಲರಿಯ ತೂತಿನಲ್ಲಿ ಕಚ್ಚಿಕೊಂಡು ಕೂತಿದ್ದವು, ಅವನ್ನು ಉಗುರಿನಿಂದಲೇ ಎಬ್ಬಿಸಬೇಕಿತ್ತು, ಒಂದೊಂದಾಗಿ. ಇದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಬೆನ್ನ ಹಿಂದೆ ಬಟ್ಟಲಿಗೆ ಚಮಚೆ ತಾಗುವ ಸದ್ದು ಕೇಳುತ್ತಿತ್ತು. ಒಂದೇ ಚಮಚೆಯದೋ ಎರಡರದೋ ತಿಳಿಯಲಿಲ್ಲ. ಅವನು ತಿರುಗಿ ನೋಡದೆ ಮುಂದಿನ ಕಾಳಿಗೆ ಉಗುರು ಹಾಕಿದ.